ಸಮವಸ್ತ್ರದಲ್ಲಿ ಮತ್ತೆ ಸೇರಿದ ಗೆಳೆಯರು

ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು ದೊಡ್ಡವರಾದ ಮೇಲೆ ಮತ್ತೆ ಸೇರುವುದು ಎಲ್ಲಿ? ನಮ್ಮಲ್ಲಾದರೆ ಮದುವೆಯ ಮನೆಯಲ್ಲಿ, ಜಾತ್ರೆಯಲ್ಲಿ, ಇಲ್ಲವೆ ಅಕಸ್ಮಾತ್ತಾಗಿ ರೈಲಿನ ಡಬ್ಬಿಯಲ್ಲಿ. ಸ್ವಿಟ್ಜರ್ಲೆಂಡ್ ಎಂಬ ಪುಟ್ಟ ಪರ್ವತದೇಶದಲ್ಲಿ ಮಾತ್ರ ಕಾಯಿದೆಯೇ ಅವರನ್ನು ಕರೆದು ಸೇರಿಸುತ್ತ ಬಂದಿದೆ. ಕೈಯಲ್ಲಿ ಬಂದೂಕು, ಮೈಮೇಲೆ ಸಮವಸ್ತ್ರ. ಆದರೆ ಪಕ್ಕದಲ್ಲಿ ನಿಂತವನು ಹಳೆಯ ಗೆಳೆಯ.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸೈನ್ಯವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾನೆ. ವಂಶಪರಂಪರೆಯಿಂದ ಬಂದದ್ದು ಮೌಲಬಲ. ಸಂಬಳಕ್ಕೆ ದುಡಿಯುವುದು ಭೃತಬಲ. ಶ್ರೇಣಿಬಲದವರು ತಮ್ಮ ಕಸುಬನ್ನು ಬಿಡದೆ ಆಯುಧವನ್ನೂ ಬಲ್ಲವರು. ಸ್ವಿಸ್ ಸೈನ್ಯವನ್ನು ನಮ್ಮ ಹಳೆಯ ಮಾತಿನಲ್ಲಿ ಹೇಳಬೇಕಾದರೆ ಈ ಮೂರನೆಯದಕ್ಕೆ ಹತ್ತಿರವೆನ್ನಬಹುದು. 1848ರ ಅವರ ರಾಜ್ಯಾಂಗವು ಪ್ರತಿಯೊಬ್ಬ ಪುರುಷನೂ ಸೇನಾಸೇವೆಗೆ ಬದ್ಧನೆಂದು ವಿಧಿಸಿತು. ಒಂದೊಂದು ದಳವನ್ನೂ ಆದಷ್ಟು ಮಟ್ಟಿಗೆ ಒಂದೇ ಪ್ರಾಂತದ, ಅಂದರೆ ಕ್ಯಾಂಟನ್ನಿನ, ಜನರಿಂದಲೇ ರಚಿಸಬೇಕೆಂದು 1874ರ ರಾಜ್ಯಾಂಗ ಹೇಳಿತು.

ಇದರ ಪರಿಣಾಮವನ್ನು ತಾವೇ ಊಹಿಸಬಹುದು. ತರುಣನು ಮೊದಲು ಶಿಕ್ಷಣಶಿಬಿರದಲ್ಲಿ ಕವಾಯತು ಕಲಿಯುತ್ತಾನೆ. ಬಂದೂಕನ್ನು ಮನೆಗೇ ಒಯ್ಯುತ್ತಾನೆ. ಆಮೇಲೆ ಮತ್ತೆ ಮತ್ತೆ ಪುನರಭ್ಯಾಸ ಶಿಬಿರಕ್ಕೆ ಕರೆ ಬರುತ್ತದೆ. ಅಲ್ಲಿ ಗಡಿಯಾರ ಕಟ್ಟುವವನು, ಹಾಲು ಕರೆಯುವ ರೈತ, ಬ್ಯಾಂಕಿನ ಗುಮಾಸ್ತ, ಉಪಾಧ್ಯಾಯ ಎಲ್ಲರೂ ಒಂದೇ ಹುಲ್ಲುಹಾಸಿನ ಮೇಲೆ ಮಲಗಬೇಕು. ಹಿಂದಿನ ಸಲ ಮದುವೆಯಾಗದಿದ್ದವನು ಈ ಸಲ ಮಗುವಿನ ಚಿತ್ರ ತೋರಿಸುತ್ತಾನೆ. ಹಾಜರಿ ಕರೆದಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಉಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಥ ಕೂಟದಲ್ಲಿ ಸ್ನೇಹ ಬೆಳೆಯದೆ ಇರುತ್ತದೆಯೆ?

ಆದರೆ ಗೆಳೆತನ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಮೊದಲನೆಯ ಮಹಾಯುದ್ಧ ತೋರಿಸಿಕೊಟ್ಟಿತು. 1914ರ ಆಗಸ್ಟ್ ತಿಂಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಗಡಿಗೆ ಕರೆಸಿದರು. ದೇಶ ತಟಸ್ಥವಾಗಿಯೇ ಉಳಿಯಿತು. ಕಾವಲು ಮಾತ್ರ ನಾಲ್ಕು ವರ್ಷಕ್ಕೂ ಮೀರಿ ನಡೆಯಿತು. ದಳಗಳು ಸರದಿಯ ಮೇಲೆ ಬಂದುಹೋಗುತ್ತಿದ್ದವು. ಜೂರಾ ಸೀಮೆಯ ಕೂರ್ಜನೇ ಎಂಬ ಹಳ್ಳಿಯ ಹೋಟೆಲಿನಲ್ಲಿ ಗಿಲ್ಬರ್ಟ್ ಮೋಂತಾವೋಂ ಎಂಬ ತರುಣಿ ಇದ್ದಳು. ಅವಳ ಮನೆಮಾತು ಫ್ರೆಂಚ್. ಜರ್ಮನ್ ಮಾತಾಡುವ ಸೈನಿಕರೊಡನೆಯೂ ಅವರ ಮಾತಿನಲ್ಲೇ ಮಾತಾಡುತ್ತಿದ್ದಳು. ಬಹುಕಾಲದ ಮೇಲೆ ಬಂದವನನ್ನೂ ಹೆಸರು ಹಿಡಿದು ಕರೆಯುತ್ತಿದ್ದಳೆಂದು ಪ್ರತೀತಿ. ಅವಳ ಮೇಲೆ ಹಾಡು ಹುಟ್ಟಿತು. 1941ರಲ್ಲಿ ಚಲನಚಿತ್ರವೂ ಬಂತು.

ಹಾಡು ಕೇಳಲು ಇಂಪು. ಸೈನಿಕನ ಮನೆಯ ಕಥೆ ಬೇರೆ. ಒಬ್ಬೊಬ್ಬನಿಗೆ ಸರಾಸರಿ ಸುಮಾರು 500 ದಿನಗಳ ಸೇವೆ ಬಿತ್ತು. ಅಷ್ಟು ದಿನವೂ ಕಾರ್ಖಾನೆಯ ಕೂಲಿ ಇಲ್ಲ. ಸೈನ್ಯದ ಭತ್ಯೆ ದಿನಕ್ಕೆ ಒಂದು ಫ್ರಾಂಕಿಗಿಂತಲೂ ಕಡಿಮೆ. ಯುದ್ಧ ಮುಗಿಯುವ ವೇಳೆಗೆ ಬೆಲೆಗಳು ಇಮ್ಮಡಿಯಾಗಿದ್ದವು. ಕೂಲಿಕಾರನ ಹೆಂಡತಿ ಬಾಡಿಗೆಗೂ ರೊಟ್ಟಿಗೂ ಧರ್ಮದ ನೆರವನ್ನು ಕಾಯಬೇಕಾಯಿತು. ಶಿಬಿರದಲ್ಲಿ ಸಮಾನರಾಗಿದ್ದವರು ಮನೆಗೆ ಮರಳಿದಾಗ ಸಮಾನರಾಗಿರಲಿಲ್ಲ.

ಈ ಕಹಿ 1918ರ ನವೆಂಬರ್ 12ರಿಂದ 14ರವರೆಗೆ ನಡೆದ ಸಾರ್ವತ್ರಿಕ ಮುಷ್ಕರಕ್ಕೆ ಒಂದು ಮುಖ್ಯ ಕಾರಣವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಕೆಲಸ ನಿಲ್ಲಿಸಿದರು. 48 ಗಂಟೆಗಳ ವಾರ, ಸ್ತ್ರೀಯರಿಗೆ ಮತದಾನದ ಹಕ್ಕು, ವೃದ್ಧಾಪ್ಯ ವಿಮೆ ಇವು ಅವರ ಬೇಡಿಕೆಗಳಲ್ಲಿ ಕೆಲವು. ಸರ್ಕಾರ ಸೈನ್ಯವನ್ನು ಕರೆಸಿತು. ಗ್ರೆಂಖೆನ್ ಎಂಬ ಊರಿನಲ್ಲಿ ಸೈನಿಕರ ಗುಂಡಿಗೆ ಮೂವರು ಬಲಿಯಾದರು. ಗುಂಡು ಹಾರಿಸಿದವರೂ ಮನೆಯಿಂದ ಕರೆಬಂದ ನಾಗರಿಕರೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಪೆಟ್ಟು ತಿಂದ ಮೇಲಾದರೂ ಕಲಿತರೆ ಲೇಸು. 1939ರ ಆಗಸ್ಟ್ 30ರಂದು ಪಾರ್ಲಿಮೆಂಟು ಹೆನ್ರಿ ಗಿಸಾನ್ ಅವರನ್ನು ಸೇನಾಪತಿಯಾಗಿ ಆರಿಸಿತು. ಸೆಪ್ಟೆಂಬರ್ 2ರಂದು ಇಡೀ ಸೈನ್ಯಕ್ಕೆ ಕರೆ ಹೋಯಿತು. ನಾಲ್ವತ್ತೆರಡು ಲಕ್ಷ ಜನಸಂಖ್ಯೆಯ ದೇಶದಿಂದ ಸುಮಾರು 4,30,000 ಸೈನಿಕರು ಬಂದು ಸೇರಿದರು. ಇಪ್ಪತ್ತೈದು ವರ್ಷಗಳ ಹಿಂದೆ ಗಡಿ ಕಾದವರಲ್ಲಿ ಕೆಲವರು ನರೆಗೂದಲಿನ ತಲೆಯ ಮೇಲೆ ಮತ್ತೆ ಟೋಪಿ ಇಟ್ಟರು.

ಈ ಸಲ ಮನೆಯನ್ನು ಮರೆಯಲಿಲ್ಲ. 1940ರ ಫೆಬ್ರವರಿ 1ರಿಂದ ಕೂಲಿ ಪರಿಹಾರದ ಏರ್ಪಾಡು ಜಾರಿಗೆ ಬಂತು. ಕೆಲಸಗಾರನು ತನ್ನ ಸಂಬಳದಲ್ಲಿ ನೂರಕ್ಕೆ ಎರಡು ಕೊಡಬೇಕು. ಧಣಿಯೂ ನೂರಕ್ಕೆ ಎರಡು ಸೇರಿಸಬೇಕು. ಸರ್ಕಾರವು ಒಟ್ಟು ಮೊತ್ತದಷ್ಟೇ ತನ್ನ ಪಾಲು ಹಾಕಬೇಕು. ಈ ನಿಧಿಯಿಂದ ಸೇವೆಯಲ್ಲಿರುವವನ ಸಂಸಾರಕ್ಕೆ ಮಕ್ಕಳ ಸಂಖ್ಯೆಯನ್ನೂ ನೋಡಿ ಹಣ ಸಲ್ಲುತ್ತಿತ್ತು. ಅದೇ ವರ್ಷ ರೈತರಿಗೂ ಅಂಗಡಿಕಾರರಿಗೂ ಇದು ವಿಸ್ತರಿಸಿತು. ಊರಿನಲ್ಲಿ ಉಳಿದವನು ಹೋದವನ ಒಲೆಯನ್ನು ಉರಿಸಿದನು ಎಂದರೆ ತಪ್ಪಾಗಲಾರದು.

ಯುದ್ಧ ಮುಗಿದ ಮೇಲೆ ಇದೇ ನಿಧಿಗಳ ಮಾದರಿಯ ಮೇಲೆ ವೃದ್ಧಾಪ್ಯ ವಿಮೆಯನ್ನು ಕಟ್ಟಿದರು. 1947ರ ಜುಲೈ 6ರ ಜನಮತಗಣನೆಯಲ್ಲಿ ನೂರಕ್ಕೆ 80ರಷ್ಟು ಮತಗಳು ಅದರ ಪರವಾಗಿ ಬಿದ್ದವು. 1918ರಲ್ಲಿ ಬೀದಿಗಿಳಿದು ಕೇಳಿದ್ದು ಮೂವತ್ತು ವರ್ಷಗಳ ಮೇಲೆ, 1948ರ ಜನವರಿ 1ರಂದು, ಕೈಗೆ ಬಂತು. ಸ್ತ್ರೀಯರು ಮಾತ್ರ ದೇಶದ ಮಟ್ಟದ ಮತದಾನಕ್ಕೆ 1971ರವರೆಗೆ ಕಾಯಬೇಕಾಯಿತು; ಗಂಡಸರು ಗಡಿಯಲ್ಲಿದ್ದಾಗ ಹೊಲವನ್ನೂ ಅಂಗಡಿಯನ್ನೂ ನಡೆಸಿದವರು ಅವರೇ.

1989ರಲ್ಲಿ, ಆ ಸಮಾವೇಶಕ್ಕೆ ಐವತ್ತು ತುಂಬಿದಾಗ, ಮುದುಕರಾದ ಸಂಗಾತಿಗಳು ಸರ್ಕಾರದ ಸಮಾರಂಭಗಳಲ್ಲಿ ಮತ್ತೆ ಕೂಡಿದರು. ಅದೇ ವರ್ಷ ನವೆಂಬರ್ 26ರಂದು ಸೈನ್ಯವನ್ನೇ ರದ್ದುಮಾಡಬೇಕೆಂಬ ಸಲಹೆಗೆ ನೂರಕ್ಕೆ 35.6 ಮತಗಳು ಬಂದವು. ಸಲಹೆ ಬಿದ್ದುಹೋಯಿತು, ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಹೀಗೆ ಹೇಳಿದರೆಂಬುದು ಮುದುಕರಿಗೆ ನೋವು ತಂದಿತು. ದೇಶ ಉಳಿದದ್ದು ಗಡಿಯ ಕಾವಲಿನಿಂದ ಮಾತ್ರವಲ್ಲ, ಜರ್ಮನಿಯೊಡನೆ ನಡೆದ ವ್ಯಾಪಾರವೂ ಲೆಕ್ಕಕ್ಕೆ ಬರಬೇಕೆಂದು ಚರಿತ್ರಕಾರರು ವಾದಿಸಿದರು. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಕಾದವನ ಶ್ರಮ ಅದರಿಂದ ಸುಳ್ಳಾಗುವುದಿಲ್ಲ.

ನಮ್ಮ ದೇಶದಲ್ಲೂ ಬೇರೆ ಉದ್ಯೋಗದಲ್ಲಿದ್ದುಕೊಂಡೇ ಸ್ವಇಚ್ಛೆಯಿಂದ ಸೇವೆಗೆ ಬರುವವರ ಪ್ರಾದೇಶಿಕ ಸೇನೆ ಇದೆ. 1949ರ ಅಕ್ಟೋಬರ್ 9ರಂದು ರಾಜಾಜಿಯವರು ಅದನ್ನು ಉದ್ಘಾಟಿಸಿದರು. ತಮ್ಮ ನೆರೆಮನೆಯವರೊಬ್ಬರು ಶಿಬಿರಕ್ಕೆ ಹೊರಟರೆ, ಅವರು ಹಳೆಯ ಗೆಳೆಯರನ್ನು ಕಂಡು ಸಂತೋಷಪಡುವುದು ಖಂಡಿತ. ಆ ಸಂತೋಷ ನೆಮ್ಮದಿಯದಾಗಬೇಕಾದರೆ ಅವರ ಮನೆಯ ಯೋಗಕ್ಷೇಮವನ್ನು ಊರಿನಲ್ಲಿ ಉಳಿದ ನಾವು ವಿಚಾರಿಸುತ್ತಿರಬೇಕು. ಗೆಳೆತನಕ್ಕೆ ಸಮವಸ್ತ್ರ ಬೇಕಿಲ್ಲ. ಹಿಂದೆ ಉಳಿದ ಒಲೆ ಆರಬಾರದು, ಅಷ್ಟೆ.