ಕಪ್ ನಮ್ದೇ ಆಗಿದ್ದ ಕಾಲ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕೊನೆಗೂ ಐಪಿಎಲ್ ಗೆದ್ದಾಗ, ಮಾನೇಸರ್‌ನ ನಮ್ಮ ಬಾಡಿಗೆ ಮನೆಯಲ್ಲಿ ಏಳೆಂಟು ಕನ್ನಡಿಗರು ಸೇರಿದ್ದೆವು. ಹುಬ್ಬಳ್ಳಿಯಿಂದ ಬಂದು ಆರು ತಿಂಗಳಾಗಿದ್ದ ಟ್ರೇನಿ ಹುಡುಗ ಕಣ್ಣೊರೆಸಿಕೊಳ್ಳುತ್ತ, "ಅಣ್ಣಾರ, ನಮಗ ಇದ ಮೊದಲನೇ ಕಪ್ ಅಲ್ರೀ?" ಅಂದ. ಹೌದು ಅನ್ನಲು ಹೊರಟವನು ಸುಮ್ಮನಾದೆ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಸಂಭ್ರಮ ಅಲ್ಲಿಗೇ ನಿಂತಿತು. ಹುಡುಗನ ಪ್ರಶ್ನೆ ಮಾತ್ರ ಉಳಿಯಿತು.

ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕರ್ನಾಟಕ 1998-99ರಲ್ಲಿ ರಣಜಿ ಗೆದ್ದ ಮೇಲೆ ಬಹಳ ವರ್ಷ ಬರಗಾಲ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಮುಂಬೈ ಎದುರು ಬರೀ 6 ರನ್ನಿನಿಂದ ಸೋತೆವು. ಆ ಗಾಯ ಮಾಯಲು ನಾಲ್ಕು ವರ್ಷ ಬೇಕಾಯಿತು. ದಾವಣಗೆರೆಯ ವಿನಯ್ ಕುಮಾರ್ ನಾಯಕ, ಜೆ. ಅರುಣ್ ಕುಮಾರ್ ಕೋಚ್. 2014ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಗೆದ್ದರು. ಹಿಂದೆಯೇ ಇರಾನಿ ಕಪ್, ಶೇಷ ಭಾರತದ ಮೇಲೆ ಇನಿಂಗ್ಸ್ ಮತ್ತು 222 ರನ್ನುಗಳ ಗೆಲುವು. ಮಾರ್ಚ್‌ನಲ್ಲಿ ವಿಜಯ್ ಹಜಾರೆ. ಒಂದೇ ಋತುವಿನಲ್ಲಿ ಮೂರು ಕಪ್.

ಮುಂದಿನ ಋತುವಿನಲ್ಲಿ ಮತ್ತೆ ಅದೇ ಮೂರು! ಎರಡೂ ವರ್ಷ ರಣಜಿಯಲ್ಲಿ ಒಂದೂ ಪಂದ್ಯ ಸೋಲಲಿಲ್ಲ.

ಹೀಗೆ ಬರೆದರೆ ಎಲ್ಲ ಸಲೀಸಾಗಿ ಆದಂತೆ ಕಾಣುತ್ತದೆ. ಹಾಗಿರಲಿಲ್ಲ. 2014-15ರ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲೇ, ಮುಂಬೈ ಎದುರು ಕರ್ನಾಟಕ 202ಕ್ಕೆ ಆಲೌಟ್. ಮೈಸೂರು ನೆನಪಾಗದಿರುತ್ತದೆಯೇ? ಆದರೆ ವಿನಯ್ 20 ರನ್ನಿಗೆ 6 ವಿಕೆಟ್ ಕಿತ್ತರು. ನಲವತ್ತು ಸಲ ರಣಜಿ ಗೆದ್ದಿದ್ದ ಮುಂಬೈ 44ಕ್ಕೆ ಮುಗಿಯಿತು.

ಮಾರ್ಚ್ 8ರಿಂದ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಫೈನಲ್. ಅವರನ್ನು 134ಕ್ಕೆ ಉರುಳಿಸಿದ ಮೇಲೆ ನಮ್ಮವರದ್ದೂ 84ಕ್ಕೆ 5 ವಿಕೆಟ್ ಬಿತ್ತು. ಆ ಋತುವಿನಲ್ಲಿ ದೇಶದಲ್ಲೇ ಅತಿ ಹೆಚ್ಚು ರನ್, 912, ಹೊಡೆದ ಉತ್ತಪ್ಪ ತಂಡದಲ್ಲಿದ್ದೂ ಈ ಗತಿ. ಆಗ ಒಂದಾದವರು ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್. ಇಬ್ಬರೂ ಸೇರಿಸಿದ್ದು 386. ರಾಹುಲ್ 188, ಕರುಣ್ 328. ರಣಜಿ ಫೈನಲ್‌ನಲ್ಲಿ ಗುಲ್ ಮಹಮ್ಮದ್ 1947ರಲ್ಲಿ ಹೊಡೆದಿದ್ದ 319ರ ದಾಖಲೆ ಮುರಿಯಿತು. ನಾಯಕನೂ ಶತಕ ಬಾರಿಸಿದ. ಮೊತ್ತ 762, ಗೆಲುವು ಇನಿಂಗ್ಸ್ ಮತ್ತು 217 ರನ್.

ಆ ಐದು ದಿನ ನಾನೇನು ಮಾಡುತ್ತಿದ್ದೆ? ಆಗಷ್ಟೇ ಮಾನೇಸರ್‌ಗೆ ಬಂದಿದ್ದೆ. ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ನಡೆಯುತ್ತಿತ್ತು, ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ರಣಜಿ ಗೆದ್ದ ಸುದ್ದಿ ಮೊಬೈಲಿನಲ್ಲಿ ಒಂದು ಸಾಲಾಗಿ ಬಂತು, ಓದಿ ಸರಿಸಿದೆ. ಕೆಲವು ವಾರಗಳ ನಂತರ ಐಪಿಎಲ್ ಶುರುವಾದಾಗ ಪಕ್ಕದ ಮೆಷಿನ್ನಿನ ಹರ್ಯಾಣದ ಗೆಳೆಯ, "ಭಾಯಿ, ನಿಮ್ಮೋರು ಯಾವತ್ತು ಕಪ್ ಗೆಲ್ಲೋದು?" ಎಂದು ಛೇಡಿಸಿದ. ನಾನೂ ಅವನ ಜೊತೆ ನಕ್ಕೆ. ಆರು ಕಪ್ ಮನೆಯಲ್ಲಿಟ್ಟುಕೊಂಡು "ಈ ಸಲ ಕಪ್ ನಮ್ದೆ" ಎಂದು ಕಾಯುತ್ತಿದ್ದೆವಲ್ಲ, ಆ ನಗು ಈಗ ಚುಚ್ಚುತ್ತದೆ.

ಆಮೇಲಿನ ಹತ್ತು ಋತುಗಳಲ್ಲಿ ರಣಜಿ ನಮಗೆ ಬರಲಿಲ್ಲ. ತಂಡವೂ ಚದುರಿತು. ಉತ್ತಪ್ಪ ಸೌರಾಷ್ಟ್ರಕ್ಕೆ, ವಿನಯ್ ಪುದುಚೇರಿಗೆ. 2016ರಲ್ಲಿ ಭಾರತಕ್ಕೆ 303 ಹೊಡೆದ ಕರುಣ್ ಕೂಡ ಅವಕಾಶ ಕಾಣದೆ 2023ರಲ್ಲಿ ವಿದರ್ಭಕ್ಕೆ ಹೊರಟ. ಊರಲ್ಲಿ ಜಾಗ ಸಿಗದೆ ಬೇರೆ ಊರಿಗೆ ಬ್ಯಾಗು ಹೊತ್ತ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 2024-25ರಲ್ಲಿ ವಿದರ್ಭ ರಣಜಿ ಗೆದ್ದಾಗ ಫೈನಲ್‌ನಲ್ಲಿ ಅವನು 86 ಮತ್ತು 135 ಹೊಡೆದಿದ್ದ.

ಮೊನ್ನೆ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಫೋನ್ ತೆಗೆದು ಆ ಫೈನಲ್‌ನ ಸ್ಕೋರ್‌ಕಾರ್ಡ್ ಹುಡುಕಿದ. "84ಕ್ಕ ಐದಾ?" ಅಂತ ಕೇಳಿ, ಬಸ್ ಬರುವವರೆಗೂ ತಲೆ ಎತ್ತಲಿಲ್ಲ.