ಟೊಂಕ ಕಟ್ಟುವ ವಿದ್ಯೆ

ಪುಣೆಯಿಂದ ದಿವೆ ಘಾಟು ಹತ್ತಿ ಮುಂದೆ ಹೋದರೆ ಸಾಸವಡ. ಕರ್ಹಾ ನದಿಯ ದಂಡೆಯ ಈ ಊರಿಗೂ ಕಡಲಿಗೂ ನಡುವೆ ಸಹ್ಯಾದ್ರಿಯೇ ನಿಂತಿದೆ. ಕಡಲತಡಿಯ ಶ್ರೀವರ್ಧನದಿಂದ ಘಟ್ಟ ಹತ್ತಿ ಬಂದ ಬಾಳಾಜಿ ವಿಶ್ವನಾಥ ಪೇಶ್ವೆ ಇಲ್ಲಿ ನೆಲೆಯೂರಿ, 1720ರಲ್ಲಿ ಇಲ್ಲಿಯೇ ತೀರಿಕೊಂಡ. ಅವನ ಮನೆತನ ಮುಂದೆ ಪುಣೆಗೆ ಹೋಯಿತು. ಆ ಮನೆತನದ ಕೊನೆಯ ಪೇಶ್ವೆ ಎರಡನೆಯ ಬಾಜಿರಾಯನ ಆಶ್ರಯದಲ್ಲಿ ಬಾಳಂಭಟ್ಟ ದಾದಾ ದೇವಧರ ಎಂಬ ಉಸ್ತಾದ ಮಲ್ಲಕಂಬಕ್ಕೆ ಮರುಜೀವ ಕೊಟ್ಟನೆಂದು ಗರಡಿಯ ಪರಂಪರೆ ಹೇಳುತ್ತದೆ. ನೆಲದಲ್ಲಿ ಹೂತ ಮರದ ಕಂಬ. ಅದೇ ಪೈಲ್ವಾನನಿಗೆ ಎದುರಾಳಿ. ಅದನ್ನು ಹಿಡಿಯಬೇಕು, ಸುತ್ತಬೇಕು, ಅದರ ಮೇಲೆ ತಲೆಕೆಳಗಾಗಿ ನಿಲ್ಲಬೇಕು. ಕೈಕಾಲು ಎಷ್ಟು ಬಲವಾಗಿದ್ದರೂ ನಡು ಸಡಿಲಾದರೆ ಮೈ ಜಾರಿತೆಂದೇ ಲೆಕ್ಕ.

ಕಂಬದ ಕಥೆ ಪೇಶ್ವೆಗಳಿಗಿಂತ ಬಹಳ ಹಳೆಯದು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ತಾಲೀಮಿನ ವಿವರವಿದೆ. ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿಗಿಳಿದು ಮಾಡುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಇಲ್ಲಿ 'ಶ್ರಮ' ಎಂದರೆ ದಣಿವಲ್ಲ, ಅಭ್ಯಾಸ. ಕುಸ್ತಿ ಆಮೇಲಿನ ಮಾತು. ಮೊದಲು ಮೈ ಸಿದ್ಧವಾಗಬೇಕು.

ಸರ್ಫಿಂಗ್ ನಮ್ಮ ಕರಾವಳಿಗೆ ಬಂದದ್ದು ತೀರ ಈಚೆಗೆ. 2004ರ ಸುಮಾರಿಗೆ ಮೂಲ್ಕಿಯಲ್ಲಿ ಜ್ಯಾಕ್ ಹೆಬ್ನರ್ ಕಟ್ಟಿದ ಸರ್ಫಿಂಗ್ ಆಶ್ರಮದಿಂದ ಅದು ಕರ್ನಾಟಕದಲ್ಲಿ ಬೇರು ಬಿಟ್ಟಿತು. ದಂಡೆಯಲ್ಲಿ ನಿಂತು ನೋಡುವವರಿಗೆ ಅಲೆಯ ಮೇಲಿನ ಓಟವಷ್ಟೇ ಕಾಣುತ್ತದೆ. ಆದರೆ ಸವಾರ ಹಲಗೆಯ ಮೇಲೆ ನಿಲ್ಲುವುದು ಕೆಲವೇ ಕ್ಷಣ. ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಅವನು ಹಲಗೆಯ ಮೇಲೆ ಬೋರಲು ಮಲಗಿ, ಎದೆಯೆತ್ತಿ, ಕೈಯಿಂದ ನೀರು ಎಳೆಯುತ್ತಿರುತ್ತಾನೆ. ಭುಜ, ಕುತ್ತಿಗೆ, ಸೊಂಟದ ನೋವು ಶುರುವಾಗುವುದು ಹೆಚ್ಚಾಗಿ ಅಲ್ಲಿಂದ. ಹಲಗೆ ಬಡಿದು ಆಗುವ ಗಾಯವನ್ನು ಯಾವ ವ್ಯಾಯಾಮವೂ ತಡೆಯಲಾರದು. ಸವೆತದ ನೋವಿನ ಮಾತು ಬೇರೆ.

1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸಂಗತಿಯನ್ನು ಅಳೆದು ತೋರಿಸಿದರು. ಆರೋಗ್ಯವಂತರು ಕೈ ಎತ್ತುವಾಗ, ಕೈ ಚಲಿಸುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯುತ್ತದೆ. ಸೊಂಟನೋವಿನವರಲ್ಲಿ ಅದು ತಡವಾಗುತ್ತದೆ. ಕೆಲಸಕ್ಕೆ ಮುಂಚೆ ಸಿದ್ಧರಾಗುವುದನ್ನು ಕನ್ನಡ 'ಟೊಂಕ ಕಟ್ಟುವುದು' ಎನ್ನುತ್ತದೆ. ದೇಹ ಆ ಮಾತನ್ನು ಅಕ್ಷರಶಃ ಪಾಲಿಸುತ್ತಿತ್ತು. 'ಕೋರ್' ತಾಲೀಮಿನ ಭರಾಟೆಗೆ ಇಂಥ ಸಂಶೋಧನೆಗಳು ಇಂಬು ಕೊಟ್ಟವು. ಆ ಒಂದು ಸ್ನಾಯುವನ್ನು ಬೇರ್ಪಡಿಸಿ ಪಳಗಿಸಿದರೆ ಸಾಕೆಂಬ ಉತ್ಸಾಹ ಮಾತ್ರ ಉಳಿಯಲಿಲ್ಲ. ಹಳೆಯ ಸೊಂಟನೋವಿಗೆ ಅದು ಬೇರೆ ವ್ಯಾಯಾಮಗಳಿಗಿಂತ ಹೆಚ್ಚೇನೂ ಮೇಲಲ್ಲವೆಂದು ಮುಂದಿನ ಪರೀಕ್ಷೆಗಳು ಹೇಳಿದವು. ಇಡೀ ಮೈಯನ್ನು ಒಟ್ಟಿಗೆ ದುಡಿಸುವ ಚಲನೆಯತ್ತ ತರಬೇತುದಾರರು ಹೊರಳಿದರು.

ಹಾಗೆಂದು ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನುವುದು ಸುಳ್ಳಾಗುತ್ತದೆ. ಸೋಮೇಶ್ವರನಿಗೆ ಸ್ನಾಯುವಿನ ಲೆಕ್ಕ ಗೊತ್ತಿರಲಿಲ್ಲ. ಬಾಳಂಭಟ್ಟ ಕಂಬ ಹತ್ತಿಸಿದ್ದು ಕುಸ್ತಿ ಗೆಲ್ಲಿಸಲು, ಸೊಂಟ ಕಾಯಲು ಅಲ್ಲ. ಗರಡಿಯಿಂದ ಇಂದಿನ ಸರ್ಫರ್ ಪಡೆಯಬಹುದಾದದ್ದು ಪವಾಡದ ವ್ಯಾಯಾಮವನ್ನಲ್ಲ, ಒಂದು ಕ್ರಮವನ್ನು. ಮೊದಲು ಮೈ ಪಳಗಬೇಕು, ಆಮೇಲೆ ಮಟ್ಟಿಗೆ ಇಳಿಯಬೇಕು. ರಜೆಗೆ ಬಂದು ಹಲಗೆ ಬಾಡಿಗೆ ಹಿಡಿದು ನೇರ ಅಲೆಗೆ ನುಗ್ಗುವವನು ಬಿಟ್ಟುಬಿಡುವುದು ಈ ಮೊದಲ ಮೆಟ್ಟಿಲನ್ನೇ. ಆ ಮೆಟ್ಟಿಲಿಗೆ ಕಡಲು ಬೇಕಿಲ್ಲ. ಸಾಸವಡದಂಥ ಒಳನಾಡಿನ ಊರಲ್ಲೂ ಅದನ್ನು ಹತ್ತಬಹುದು.