ಓಲೆಗರಿಯಿಂದ ಗಣಕಯಂತ್ರದವರೆಗೆ

ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕೂಡಿಟ್ಟ ಉಗ್ರಾಣವೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಉಗ್ರಾಣದಲ್ಲಿಟ್ಟ ವಸ್ತು ಇಟ್ಟಂತೆಯೇ ಇರುತ್ತದೆ. ಗ್ರಂಥಾಲಯದಲ್ಲಿಟ್ಟ ಗ್ರಂಥವಾದರೋ ತಲೆಮಾರು ಕೇಳುವ ಹೊಸ ಪ್ರಶ್ನೆಗೆ ಹೊಸ ಉತ್ತರ ಕೊಡಬಲ್ಲುದು. ಇದಕ್ಕೆ ಮೈಸೂರಿನ ಓಲೆಕಟ್ಟೊಂದರ ಚರಿತ್ರೆಯೇ ಸಾಕ್ಷಿ.

1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯ ಸ್ಥಾಪಿತವಾಯಿತು. ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪಟ್ಟಿಮಾಡಿ, ಪರಿಷ್ಕರಿಸಿ ಅಚ್ಚಿಗೆ ಕೊಡುವುದು ಅದರ ಕಾರ್ಯವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡರು. ಅದುವರೆಗೆ ಆ ಕೃತಿ ಅನ್ಯ ಗ್ರಂಥಗಳ ಉಲ್ಲೇಖಗಳಿಂದ ಮಾತ್ರವೇ ವಿದ್ವಾಂಸರಿಗೆ ತಿಳಿದಿತ್ತು. 1905ರಿಂದ ಅದರ ಅನುವಾದದ ಭಾಗಗಳು ಪ್ರಕಟವಾಗತೊಡಗಿದವು. 1909ರಲ್ಲಿ ಮೂಲವೂ 1915ರಲ್ಲಿ ಸಮಗ್ರ ಇಂಗ್ಲಿಷ್ ಅನುವಾದವೂ ಹೊರಬಂದವು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತ ಚರ್ಚೆಯ ದಿಕ್ಕೇ ಬದಲಾಯಿತು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಈ ಗ್ರಂಥಾಲಯ ಸೇರಿತು. 1943ರಲ್ಲಿ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಹೆಸರಿನ ಈ ಬದಲಾವಣೆಯಲ್ಲಿ ಕರ್ತವ್ಯದ ಬದಲಾವಣೆಯೂ ಅಡಗಿದೆ: ಕಾಪಾಡುವ ಮನೆಯೇ ಶೋಧಿಸುವ ಮನೆಯೆನಿಸಿತು.

ಅಚ್ಚಾದ ಮಾತ್ರಕ್ಕೆ ಕೃತಿಯ ವಿಚಾರ ಮುಗಿಯಲಿಲ್ಲ. ಬೇರೆಡೆಗಳಲ್ಲಿ ಮತ್ತಷ್ಟು ಹಸ್ತಪ್ರತಿಗಳು ದೊರೆತವು. ಅವನ್ನೆಲ್ಲ ಹೋಲಿಸಿ ಆರ್. ಪಿ. ಕಾಂಗಲೆಯವರು ಸಿದ್ಧಪಡಿಸಿದ ಪರಿಷ್ಕೃತ ಪಾಠವನ್ನು ಬೊಂಬಾಯಿ ವಿಶ್ವವಿದ್ಯಾನಿಲಯ 1960ರಲ್ಲಿ ಪ್ರಕಟಿಸಿತು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ಅಮೆರಿಕದ ಇತಿಹಾಸಕಾರರು, ಕೃತಿಯ ಬೇರೆಬೇರೆ ಅಧಿಕರಣಗಳಲ್ಲಿ 'ಚ', 'ವಾ' ಮೊದಲಾದ ಚಿಕ್ಕ ಅವ್ಯಯಗಳು ಎಷ್ಟೆಷ್ಟು ಬಾರಿ ಬರುತ್ತವೆಂಬುದನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಪರೀಕ್ಷಿಸಿ, ಗ್ರಂಥವು ಒಬ್ಬನದೇ ರಚನೆಯಲ್ಲ, ಹಲವರ ಕೈ ಅದರಲ್ಲಿದೆ ಎಂದು ವಾದಿಸಿದರು. ಅರ್ಥವನ್ನು ಅರಸುವವರ ಕಣ್ಣಿಗೆ ಬೀಳದೆ ಜಾರಿಹೋಗುವ ಈ ಸಣ್ಣ ಪದಗಳೇ ಕರ್ತೃತ್ವದ ಸಾಕ್ಷಿಗಳಾದವು! ಆ ಓಲೆಗಳನ್ನು ಬರೆದ ಲಿಪಿಕಾರನಾಗಲಿ, ತಂದೊಪ್ಪಿಸಿದ ಪಂಡಿತರಾಗಲಿ ಇಂಥ ಪ್ರಶ್ನೆಯನ್ನು ಊಹಿಸಿರಲಾರರು. ಆದರೂ ಅವರು ಅಕ್ಷರ ಬಿಡದೆ ಉಳಿಸಿದ್ದರಿಂದಲೇ ಎಣಿಸುವುದಕ್ಕೆ ಅವಕಾಶವಾಯಿತು.

ಇಂದು ಓಲೆಗಳ ಛಾಯೆಗಳು ಗಣಕಯಂತ್ರದಲ್ಲಿ ಸೇರುತ್ತಿವೆ. ದೂರದೇಶದ ವಿದ್ಯಾರ್ಥಿಯೂ ಕುಳಿತಲ್ಲಿಯೇ ನೋಡಬಹುದು. ಇದು ದೊಡ್ಡ ಲಾಭ. ಆದರೆ ಓಲೆಗೆ ಎಣ್ಣೆ ಸವರುವ ಆರೈಕೆ ಹೇಗೆ ಬೇಕೋ ಹಾಗೆ ಗಣಕದ ಪ್ರತಿಗೂ ಆರೈಕೆ ಬೇಕು. ಯಂತ್ರ ಹಳತಾಗುವ ಮುನ್ನ ಹೊಸದಕ್ಕೆ ಪ್ರತಿಮಾಡದಿದ್ದರೆ ಅದೂ ಮೂಕವಾಗುತ್ತದೆ. ಓಲೆ ಜೀರ್ಣವಾಗುವ ಮುನ್ನ ಮತ್ತೊಂದು ಓಲೆಗೆ ಇಳಿಸುತ್ತಿದ್ದ ಲಿಪಿಕಾರನ ಕೆಲಸವೇ ಬೇರೆ ರೂಪದಲ್ಲಿ ಮುಂದುವರಿಯುತ್ತಿದೆ, ಅಷ್ಟೆ.

ಯಂತ್ರ ಎಷ್ಟೇ ಚುರುಕಾದರೂ ಅದಕ್ಕೆ ಪಾಠವನ್ನು ಒದಗಿಸಿ, ಅದು ಓದಿದ್ದನ್ನು ಸರಿನೋಡಲು ಲಿಪಿ ಬಲ್ಲವರು ಬೇಕು. ಅಂದು ಶಾಮಶಾಸ್ತ್ರಿಗಳಿಗೆ ಆ ಲಿಪಿ ಬಾರದಿದ್ದರೆ ಓಲೆಕಟ್ಟು ಪಟ್ಟಿಯ ಒಂದು ಸಂಖ್ಯೆಯಾಗಿ ಉಳಿಯುತ್ತಿತ್ತೇನೋ. ಆದುದರಿಂದ ನಮ್ಮ ವಿಶ್ವವಿದ್ಯಾನಿಲಯಗಳು ಯಂತ್ರಗಳನ್ನು ಕೊಳ್ಳುವಾಗ, ಹಳೆಯ ಲಿಪಿಗಳನ್ನು ಓದಬಲ್ಲ ನಾಲ್ವರು ತರುಣರನ್ನೂ ತಯಾರುಮಾಡುವುದು ಯುಕ್ತ.